ಹದಿನೇಳನೆಯ ನಂಬರು

ಹದಿನೇಳನೆಯ ನಂಬರಿನವನು ಮತ್ತೆ ಐನೂರು ಏರಿಸಿದ.

ಅಕಾರ್ಡಿಯನ್‌ಗಾರ ಮೆಟ್ಟಿಲ ಮೇಲೆ ಕುಳಿತು ಫೋನಿನ ಪರದೆಯನ್ನೇ ದಿಟ್ಟಿಸಿದ. ಇಪ್ಪತ್ತೊಂದು ಸಾವಿರದ ಐನೂರು. ಹರಾಜು ಮುಗಿಯಲು ಎರಡು ನಿಮಿಷ. ಯಾರಾದರೂ ಏರಿಸಿದರೆ ಮತ್ತೆ ಎರಡು ನಿಮಿಷ. ಅದು ಸುಂಕದ ಗೋದಾಮಿನವರ ನಿಯಮ. ಅಲ್ಲಿ ಕೂಗುವವರಿಗೆ ಹೆಸರಿಲ್ಲ, ಮುಖವಿಲ್ಲ, ನಂಬರು ಮಾತ್ರ. ಇವನದು ಹನ್ನೊಂದು.

ಇಪ್ಪತ್ತೆರಡು ಒತ್ತಿದ.

ಮುಚ್ಚಿದ ಬಾಗಿಲಾಚೆ ಹೆಂಡತಿಯ ಹೊಲಿಗೆ ಯಂತ್ರ ಗರಗರ ಓಡುತ್ತಿತ್ತು. ಶಾಲೆಯೊಂದಕ್ಕೆ ನಾನೂರು ಅಂಗಿ ಕೊಡಬೇಕು. ಇವನು ಕಳ್ಳನ ಹಾಗೆ ಹೊರಗೆ ಕೂತದ್ದು ಅವಳಿಗೆ ಹೆದರಿ. ಹರಾಜಿಗೆ ಬಿದ್ದ ಆ ಅಕಾರ್ಡಿಯನ್ ಪೆಟ್ಟಿಗೆಯ ಮಾತೆತ್ತಿದರೆ ಅವಳು ಎದ್ದು ಹೋಗುತ್ತಿದ್ದಳು. "ಮನೇಲಿ ಉಬ್ಬಸದ ಪೆಟ್ಟಿಗೆ ಒಂದಿದೆಯಲ್ಲ, ಸಾಲದಾ?" ಎಂದಿದ್ದಳು, ಅವನು ಅದಕ್ಕೆ ಹಣ ಕಳಿಸಿದ ದಿನವೇ.

ಉಬ್ಬಸವೇನೋ ನಿಜ. ಹಳೆಯ ಅಕಾರ್ಡಿಯನ್ನಿನ ತಿದಿ ಮೂರು ಕಡೆ ಹರಿದು, ಅಂಟುಪಟ್ಟಿಯ ಮೇಲೆ ಅಂಟುಪಟ್ಟಿ ಹಚ್ಚಿಸಿಕೊಂಡಿತ್ತು. ನಿಧಾನದ ರಾಗ ನುಡಿಸಿದರೆ ರಾಗಕ್ಕಿಂತ ಏದುಸಿರೇ ಜೋರು. ಅದಕ್ಕೇ ಸಮುದ್ರದಾಚೆಯ ವಿಧವೆಯೊಬ್ಬಳಿಂದ, ಅವಳ ಗಂಡ ನುಡಿಸುತ್ತಿದ್ದ ಅಕಾರ್ಡಿಯನ್ನನ್ನು, ಇದ್ದಬದ್ದ ಉಳಿತಾಯ ಸುರಿದು ಕೊಂಡಿದ್ದ. ಇವನು ನುಡಿಸುವ ಹೋಟೆಲಿನ ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದ್ದ: "ಒಂದನೇ ತಾರೀಖಿಗೆ ಸರಿಯಾದ ವಾದ್ಯ ತನ್ನಿ. ಇಲ್ಲಾಂದ್ರೆ ಗಡ್ಡದವರು ಹೇಗೂ ಕಾಯ್ತಾ ಇದ್ದಾರೆ."

ಗಡ್ಡದವನು. ಊರಿನ ಇನ್ನೊಬ್ಬ ಅಕಾರ್ಡಿಯನ್‌ಗಾರ. ಇವನ ಕುರ್ಚಿಯ ಮೇಲೆ ವರ್ಷದಿಂದ ಕಣ್ಣಿಟ್ಟವನು.

ಪೆಟ್ಟಿಗೆ ಸುಂಕದ ಗೋದಾಮಿಗೆ ಬಂತು. ಬಂದಿದೆ ಎನ್ನುವ ಚೀಟಿ ಮಾತ್ರ ಬರಲಿಲ್ಲ. ಬಾಗಿಲ ಸಂದಿಯಲ್ಲಿ ತೂರಿಸಿದ್ದೆ ಎಂದು ಅಂಚೆಯವನು ಆಣೆ ಹಾಕಿದ. ಎರಡನೆಯ ಚೀಟಿ ಕೈಗೆ ಸಿಕ್ಕಾಗ ಎಂಬತ್ತು ದಿನ ಕಳೆದಿತ್ತು.

ಸುಂಕದ ಕಚೇರಿಯೆದುರು ಮೇಜು ಹಾಕಿಕೊಂಡಿದ್ದ ಏಜೆಂಟು ಪಟ್ಟಿಯ ಮೇಲೆ ಬೆರಳೆಳೆದ. "ವಾದ್ಯದ ಬೆಲೆ ಮೇಲೆ ಸುಂಕ. ಹಡಗಿನ ಬಾಡಿಗೆ ಮೇಲೂ ಸುಂಕ. ಎಲ್ಲಾ ಕೂಡಿಸಿ ಅದರ ಮೇಲೆ ತೆರಿಗೆ. ಆಮೇಲೆ ನನ್ನ ಫೀಸು."

"ದಿನಕ್ಕೆ ಮುನ್ನೂರು ಅಂತಿದೆಯಲ್ಲ, ಇದೇನು?"

"ಗೋದಾಮಿನ ಬಾಡಿಗೆ. ಪೆಟ್ಟಿಗೆ ಅಷ್ಟು ದಿನದಿಂದ ಮಲಗಿದೆ, ಹಾಸಿಗೆ ಬಾಡಿಗೆ ಕೊಡೋದು ಬೇಡ್ವಾ ಸರ್? ಮೊದಲ ಚೀಟಿಗೇ ಬಂದಿದ್ರೆ ಹದಿನಾಲ್ಕು ಸಾವಿರಕ್ಕೆ ಮುಗೀತಿತ್ತು. ಈಗ ಮೂವತ್ತೆಂಟು."

"ಚೀಟಿ ಬರಲೇ ಇಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ." ಏಜೆಂಟು ದನಿ ತಗ್ಗಿಸಿದ. "ಬಿಟ್ಟುಬಿಡಿ. ತೊಂಬತ್ತು ದಿನ ಆದ್ಮೇಲೆ ಹರಾಜಿಗೆ ಹಾಕ್ತಾರೆ. ಎಂಟು ಸಾವಿರದಿಂದ ಶುರು. ಅಕಾರ್ಡಿಯನ್ ಯಾರಿಗೆ ಬೇಕು ಹೇಳಿ? ನೀವೊಬ್ಬರೇ ಹುಚ್ಚರು."

ನಿನ್ನೆ ಅದೇ ಏಜೆಂಟು ಫೋನು ಮಾಡಿದ್ದ. "ನೀವೊಬ್ಬರೇ ಅಲ್ಲ ಸರ್. ಇನ್ನೊಬ್ಬರೂ ವಿಚಾರಿಸಿದ್ರು. ಹೆಸರು ಹೇಳೋ ಹಾಗಿಲ್ಲ."

ಹೆಸರು ಹೇಳಬೇಕಾಗಿಯೂ ಇರಲಿಲ್ಲ.

ಇಪ್ಪತ್ತೆಂಟಾಯಿತು. ಮೂವತ್ತಾಯಿತು. ಹದಿನೇಳು ಆತುರದ ಪ್ರಾಣಿಯಲ್ಲ. ಪ್ರತಿ ಸಲವೂ ಕೊನೆಯ ಹತ್ತು ಸೆಕೆಂಡಿನವರೆಗೆ ಕಾಯುವುದು, ಆಮೇಲೆ ಐನೂರು. ಒಂದು ಕಾಸು ಹೆಚ್ಚಿಲ್ಲ. ಅಳೆದು ಅಳೆದು ಕತ್ತರಿ ಹಾಕುವವರ ಹಾಗೆ.

ಒಳಗೆ ಯಂತ್ರ ನಿಂತಿತು. "ರೀ, ಎಲ್ಲಿದ್ದೀರಿ?"

ಅವನು ಫೋನನ್ನು ಅಂಗಿಯೊಳಗೆ ತುರುಕಿದ. "ಇಲ್ಲೇ ಮೆಟ್ಟಿಲ ಮೇಲೆ. ಗಾಳಿಗೆ ಕೂತಿದ್ದೀನಿ."

"ಅಲ್ಲೇ ಇರಿ. ಒಳಗೆಲ್ಲ ಬಟ್ಟೆ ಹರಡಿದೆ. ಈಗ ಬರ್ಬೇಡಿ."

ಫೋನು ತೆಗೆಯುವಷ್ಟರಲ್ಲಿ ಹದಿನೇಳು ಮತ್ತೆ ಏರಿಸಿತ್ತು.

ಅವನ ಬಳಿ ಇದ್ದದ್ದು ನಲವತ್ತೆರಡು. ಅದರಲ್ಲಿ ಇಪ್ಪತ್ತು, ಮ್ಯಾನೇಜರನ ಕೈಕಾಲು ಹಿಡಿದು ತಂದ ಮುಂಗಡ. ವಾದ್ಯ ಕೈತಪ್ಪಿದರೆ ಕೆಲಸವೂ ಇಲ್ಲ, ಮುಂಗಡ ತೀರಿಸುವ ದಾರಿಯೂ ಇಲ್ಲ. ಮೂವತ್ತೆಂಟನ್ನೂ ಒತ್ತಿದ. ಇಷ್ಟನ್ನು ಸುಂಕದವರಿಗೇ ಕಟ್ಟಿದ್ದರೆ ಪೆಟ್ಟಿಗೆ ಇಷ್ಟು ಹೊತ್ತಿಗೆ ಮಡಿಲಲ್ಲಿರುತ್ತಿತ್ತು. ಹದಿನೇಳು ಮೂವತ್ತೆಂಟೂವರೆ ಎಂದಿತು. ಹೆದರಿಸಿ ಓಡಿಸೋಣವೆಂದು ಇವನು ಒಮ್ಮೆಗೇ ನಲವತ್ತೂವರೆಗೆ ಹಾರಿದ.

ಒಂದು ನಿಮಿಷ. ಒಂದೂವರೆ. ಕೊನೆಯ ಸೆಕೆಂಡಿಗೆ: ನಲವತ್ತೊಂದು.

"ಹಾಳಾಗಿ ಹೋಗೋ," ಎಂದು ಹಲ್ಲು ಕಚ್ಚಿ ನಲವತ್ತೊಂದೂವರೆ ಒತ್ತಿದ. ಹದಿನೇಳು ನಲವತ್ತೆರಡು ಎಂದರೆ ಅದರ ಮೇಲೆ ಏರಿಸಲು ಅವನಲ್ಲಿ ದುಡ್ಡಿರಲಿಲ್ಲ.

ಸೆಕೆಂಡುಗಳು ಉದುರಿದವು. ಮೂವತ್ತು. ಹತ್ತು. ಐದು. ಮೆಟ್ಟಿಲಲ್ಲಿ, ಮನೆಯೊಳಗೆ, ಎಲ್ಲೂ ಸದ್ದಿಲ್ಲ. ಪರದೆ ಹಸಿರಾಯಿತು. ಹನ್ನೊಂದನೆಯ ನಂಬರು ಗೆದ್ದಿದೆ.

ಅವನು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಗಡ್ಡದವನು ಈಗ ಗಡ್ಡ ಕಿತ್ತುಕೊಳ್ಳುತ್ತಿರಬೇಕು. ಕುರ್ಚಿ ಉಳಿಯಿತು. ಈಗ ಹೆಂಡತಿಗೆ ಹೇಳುವುದೊಂದು ಬಾಕಿ.

ಅವನು ಏಳುವ ಮೊದಲೇ ಬಾಗಿಲು ತೆರೆಯಿತು. ಅವಳ ಕೊರಳಲ್ಲಿ ಅಳತೆಪಟ್ಟಿ, ಕಣ್ಣು ಕೆಂಪು. ಬೈಗುಳಕ್ಕೆ ಅವನು ಮೈ ಗಟ್ಟಿ ಮಾಡಿಕೊಂಡ. ಅವಳು ಬಂದು ಅವನ ಪಕ್ಕದ ಮೆಟ್ಟಿಲ ಮೇಲೆ ಕುಸಿದಳು.

"ನಿಮ್ಮ ಮೊದಲ ಚೀಟಿ ನಾನೇ ಬಚ್ಚಿಟ್ಟಿದ್ದು ರೀ. ದುಡ್ಡು ಕಟ್ಟದಿದ್ರೆ ಪೆಟ್ಟಿಗೆ ವಾಪಸ್ ಕಳಿಸ್ತಾರೆ, ನೀವು ಕೊಟ್ಟಿದ್ದೆಲ್ಲ ತಿರುಗಿ ಬರುತ್ತೆ ಅಂದ್ಕೊಂಡಿದ್ದೆ."

ಅವನು ಬಾಯಿ ತೆರೆದ. ಅವಳು ಸೆರಗಿನಡಿಯಿಂದ ತನ್ನ ಫೋನು ತೆಗೆದು ಅವನ ಮುಂದೆ ಹಿಡಿದಳು.

"ಹರಾಜಿನಲ್ಲಾದ್ರೂ ನಿಮಗೆ ಬಿಡಿಸಿ ಕೊಡೋಣ ಅಂತ ಶಾಲೆಯವರ ಹತ್ತಿರ ಮುಂಗಡ ತಗೊಂಡು ನಲವತ್ತೊಂದರವರೆಗೂ ಹೋದೆ; ಹನ್ನೊಂದನೇ ನಂಬರಿನ ಯಾವನೋ ಹಾಳಾದವನು ಬಿಡಲೇ ಇಲ್ಲ."