ಬೆನ್ನಿನ ಬಣ್ಣ

ಮೊನ್ನೆ ಮೊನ್ನೆ ಜಿಮ್‌ಗೆ ಸೇರಿದ ತಿಪ್ಪೇಶನ ಭುಜ ತನ್ನದಕ್ಕಿಂತ ಅಗಲವಾದದ್ದು ಕಂಡಾಗಿನಿಂದ ಹಾಲೇಶನಿಗೆ ಹೊಟ್ಟೆ ಉರಿಯುತ್ತಿತ್ತು. ಈಗ ದೇಹದಾರ್ಢ್ಯ ಸ್ಪರ್ಧೆಯಲ್ಲೂ ಇಬ್ಬರೂ ಒಂದೇ ವಿಭಾಗ.

"ಅಣ್ಣಾ, ಕಂದು ಬಣ್ಣ ಬಳಿಯೋಕೆ ಮುಂಚೆ ಮೈಗೆ ಏನ್ ಮಾಡ್ಬೇಕು?" ಸ್ನಾಯುಗಳು ಎದ್ದು ಕಾಣಲೆಂದು ಸ್ಪರ್ಧಿಗಳು ಬಳಿದುಕೊಳ್ಳುವ ಬಣ್ಣದ ಬಗ್ಗೆ ತಿಪ್ಪೇಶ ಕೇಳಿದ.

ಕೂದಲು ಬೋಳಿಸಿ, ಜಿಡ್ಡಿನ ಅಂಶವೇ ಉಳಿಯದಂತೆ ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ವೇದಿಕೆಯ ದೀಪದ ಕಾವಿಗೆ ಬಣ್ಣವೆಲ್ಲ ಇಳಿದುಹೋಗುತ್ತದೆ. ಹಾಲೇಶ ತನ್ನ ಮೈಯನ್ನು ಹಾಗೇ ಉಜ್ಜಿಕೊಂಡಿದ್ದ, ಆದರೆ ತಿಪ್ಪೇಶನಿಗೆ ಹೇಳಿದ್ದೇ ಬೇರೆ.

"ಎಣ್ಣೆ ಸವರ್ಕೋ, ಬಣ್ಣ ಗಟ್ಟಿಯಾಗಿ ಹಿಡಿಯುತ್ತೆ," ಎಂದು ಸಣ್ಣದೊಂದು ಎಣ್ಣೆ ಬಾಟಲಿಯನ್ನೂ ಅವನ ಕೈಗಿಟ್ಟ.

ಸ್ಪರ್ಧೆಯ ದಿನ, ಕೈಗೆಟುಕದ ಬೆನ್ನಿಗೆ ಇಬ್ಬರೂ ಪರಸ್ಪರ ಬಣ್ಣ ಬಳಿದರು. ತಿಪ್ಪೇಶನ ಕೈ ಬೆನ್ನ ಮೇಲೆ ತಣ್ಣಗೆ ಓಡಾಡುವಾಗ ಹಾಲೇಶ ಕಣ್ಣು ಮುಚ್ಚಿ, ಕೊರಳಿಗೆ ಬೀಳುವ ಪದಕವನ್ನೇ ನೆನೆಯುತ್ತಿದ್ದ.

ವೇದಿಕೆಯ ಮೇಲೆ ದೀಪಗಳು ಕಾದವು. ಹಾಲೇಶ ಓರೆಗಣ್ಣಲ್ಲಿ ನೋಡಿದ. ತಿಪ್ಪೇಶನ ಎದೆ ತಾಮ್ರದ ಹಂಡೆಯಂತೆ ಹೊಳೆಯುತ್ತಿತ್ತು. ಒಂದು ಹನಿಯೂ ಇಳಿದಿರಲಿಲ್ಲ.

"ಎಣ್ಣೆ ಹಚ್ಚಲಿಲ್ವೇನೋ?" ನಗುಮುಖ ಕೆಡದಂತೆ ಹಲ್ಲುಗಳ ನಡುವೆಯೇ ಕೇಳಿದ.

"ಎಲ್ಲರೂ ಹಿಂದಕ್ಕೆ ತಿರುಗಿ, ಬೆನ್ನು ತೋರಿಸಿ," ಎಂದರು ತೀರ್ಪುಗಾರರು.

ತಿರುಗುತ್ತಾ ತಿಪ್ಪೇಶ ಪಿಸುಗುಟ್ಟಿದ: "ಎಣ್ಣೆ ಒಬ್ಬರಿಗೆ ಆಗೋಷ್ಟೇ ಇತ್ತಣ್ಣ. ನೀನೇ ಗೆಲ್ಬೇಕು ಅಂತ, ಬಣ್ಣಕ್ಕೆ ಮುಂಚೆ ಎಲ್ಲಾ ನಿನ್ನ ಬೆನ್ನಿಗೇ ಸವರಿಬಿಟ್ಟೆ."