ಯಾವ ಬಸ್ ಬಂತು ನೋಡು ತಂಗಿ

ಧಾರವಾಡದ ಒಂದು ಬಸ್ ಸ್ಟಾಪಿನ ಎದುರಿಗೆ ಪುಟ್ಟ ಡಿಟಿಪಿ ಅಂಗಡಿ... ಅಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಟೈಪ್ ಮಾಡುವವಳು ದಾಕ್ಷಾಯಣಿ.

ಮದುವೆ ಪತ್ರಿಕೆ, ಪ್ರಾಜೆಕ್ಟ್ ರಿಪೋರ್ಟ್, ಅರ್ಜಿ... ಬೆಳಗ್ಗೆ ಸ್ಕ್ರೀನಿಗೆ ನೆಟ್ಟ ಕಣ್ಣನ್ನು ಅವಳು ಕೀಳುತ್ತಿದ್ದದ್ದು ಸಂಜೆಗೇ. ಊಟದ ಡಬ್ಬಿಯನ್ನೂ ಕೀಬೋರ್ಡಿನ ಪಕ್ಕದಲ್ಲೇ ತೆರೆಯುತ್ತಿದ್ದಳು.

ಈಚೆಗೆ ಕಣ್ಣು ಉರಿಯುತ್ತಿತ್ತು, ಅಕ್ಷರಗಳು ಮಂಜಾಗುತ್ತಿದ್ದವು. ಕಣ್ಣು ಹೋದರೆ ಕೆಲಸ ಹೋಯಿತು... ಅವಳ ದುಡಿಮೆಯಿಂದಲೇ ನಡೆಯುವ ಮನೆಯ ಗತಿ?

ಈ ಹೆದರಿಕೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇದರ ನಡುವೆ ಒಬ್ಬ ಆಯಿ, ಅಂದರೆ ಅಜ್ಜಿ, ಗಂಟುಬಿದ್ದಿದ್ದರು. ಹೆಸರು ಗುರುಶಾಂತವ್ವ.

ಮೊಮ್ಮಗಳ ಲಗ್ನಪತ್ರಿಕೆ ಮಾಡಿಸಲು ಬಂದವರು... ಪತ್ರಿಕೆ ಆಯಿತು, ಲಗ್ನವೂ ಆಯಿತು, ಆಯಿ ಮಾತ್ರ ಅಂಗಡಿ ಬಿಡಲಿಲ್ಲ. ದಿನಾ ಬಂದು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುವುದೇ.

ಹಾರ್ನ್ ಕೇಳಿದರೆ ಸಾಕು... "ಯಾವ ಬಸ್ ಬಂತು ನೋಡು ತಂಗಿ. ನನಗ ಬೋರ್ಡ್ ಕಾಣಂಗಿಲ್ಲ."

ದಾಕ್ಷಾಯಣಿ ತಲೆ ಎತ್ತಿ, ರಸ್ತೆಯಾಚೆ ಕಣ್ಣು ಹಾಯಿಸಿ ಓದಿ ಹೇಳಬೇಕು. "ಹಳಿಯಾಳದ್ದರಿ ಆಯಿ."

"ಹೌದೇನು? ಇರ್ಲಿ ಬಿಡು."

ಮತ್ತೆ ಟೈಪಿಂಗ್ ಹಿಡಿತಕ್ಕೆ ಬರುವಷ್ಟರಲ್ಲಿ... "ಒಂಚೂರು ನೀರು ಕೊಡ್ತೀ?" ನೀರಿನ ಕೊಡ ಒಳಗಿನ ಮೂಲೆಯಲ್ಲಿ. ಎದ್ದು ಹೋಗಲೇಬೇಕು.

"ಆ ಪರದೆ ಎಳಿ ತಂಗಿ, ಬಿಸಿಲು ಬಡೀತೈತಿ."

ದಾಕ್ಷಾಯಣಿ ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು. ಆದರೆ ಹಿರಿಯರು... ಬಾಯಿಬಿಟ್ಟು ಏನೆಂದಾಳು? ಕೆಲಸ ಮಾಡಿಕೊಟ್ಟು ಮತ್ತೆ ಸ್ಕ್ರೀನಿಗೆ ಅಂಟಿಕೊಳ್ಳುವಳು. ಆಯಿ ಯಾವಾಗ ಎದ್ದು ಹೋಗುತ್ತಾರೆಂಬುದೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಉರಿ ತಡೆಯಲಾಗದೆ ಕಣ್ಣಿನ ಡಾಕ್ಟರ ಬಳಿ ಹೋದಳು.

ಡಾಕ್ಟರು ಎಲ್ಲ ಪರೀಕ್ಷಿಸಿ ಹೇಳಿದರು... "ಹೆದರಬ್ಯಾಡ್ರಿ. ಕಣ್ಣು ಒಣಗ್ಯಾವ, ದಣಿದಾವ, ಅಷ್ಟ. ಸ್ಕ್ರೀನ್ ಮುಂದ ಕುಂತಾಗ ರೆಪ್ಪಿ ಬಡಿಯೋದನ್ನ ಮರೀತೀವಿ. ನಡುನಡುವ ತಲಿ ಎತ್ತಿ ದೂರ ನೋಡ್ತೀರೋ ಇಲ್ಲೋ?"

"ಎಲ್ಲಿ ನೋಡ್ತೀನ್ರಿ ಸರ್... ಒಬ್ಬರು ಆಯಿ ಮಾತ್ರ ಬಸ್ ನೋಡು, ನೀರು ಕೊಡು, ಪರದೆ ಎಳಿ ಅಂತ ಕಾಡ್ತಿರ್ತಾರ."

ಡಾಕ್ಟರು ನಕ್ಕುಬಿಟ್ಟರು. "ಹಂಗಾರ ಆ ಆಯಿಗೆ ಥ್ಯಾಂಕ್ಸ್ ಹೇಳ್ರಿ. ನಾ ಹೇಳೋದನ್ನ ಅವರು ಆಗಲೇ ನಿಮ್ಮ ಕಡಿಂದ ಮಾಡಿಸ್ಯಾರ."

ದಾಕ್ಷಾಯಣಿಗೆ ನಗುವೂ ಬಂತು, ಆಯಿಯ ಮೇಲೆ ಮರುಕವೂ ಬಂತು. ಪಾಪ, ಕಣ್ಣು ಕಾಣದ ಜೀವ... ಇವತ್ತಾದರೂ ಕೈಹಿಡಿದು ಬಸ್ ಹತ್ತಿಸಿ ಬರೋಣ ಅಂದುಕೊಂಡಳು.

ಆ ಸಂಜೆ ಕೆಲಸ ನಿಲ್ಲಿಸಿ, ಆಯಿಯ ಕೈ ಹಿಡಿದು ಸ್ಟಾಪಿಗೆ ಬಂದಳು. ದೂರದ ತಿರುವಿನಲ್ಲಿ ಒಂದು ಬಸ್ ಕಾಣಿಸಿತು. ದಾಕ್ಷಾಯಣಿ ಬೋರ್ಡ್ ಓದಲು ಕಣ್ಣು ಕಿರಿದು ಮಾಡುತ್ತಿದ್ದಳು...

"ಅದು ಅಳ್ನಾವರದ್ದು," ಅಂದುಬಿಟ್ಟರು ಆಯಿ. ಅಂದವರೇ ನಾಲಿಗೆ ಕಚ್ಚಿಕೊಂಡರು.

"ಆಯಿ... ನಿಮಗ ಕಾಣ್ತೈತಿ?"

ಆಯಿ ಸೆರಗು ಸರಿಮಾಡಿಕೊಂಡರು. ಸಿಕ್ಕಿಬಿದ್ದ ಮೇಲೆ ಇನ್ನೇನು...

"ದೂರದ್ದು ಚಲೋನ ಕಾಣ್ತೈತಿ. ನಾ ಯಾವ ಬಸ್ಸೂ ಹತ್ತಂಗಿಲ್ಲ ತಂಗಿ. ನಮ್ಮನಿ ಇಲ್ಲೇ ಹಿಂದಿನ ಓಣ್ಯಾಗ."

"ಮತ್ತ ದಿನಾ ಯಾಕ...?"

"ನಾ ಸೊಸಿಯಾಗಿ ಬಂದಾಗ ಕಸೂತಿ ಹಾಕ್ತಿದ್ದೆ. ಸೀರಿ ಎಳಿ ಎಣಿಸಿ ಎಣಿಸಿ ಹೊಲಿಯೋದು... ತಲಿ ಬಗ್ಗಿಸಿದ್ರ ಎತ್ತೋ ಮಾತ ಇಲ್ಲ. ನಮ್ಮತ್ತಿ ಸುಮ್ಮ ಕುಂದರಗೊಡ್ತಿರಲಿಲ್ಲ. ಹೊರಗ ಯಾರು ಬಂದ್ರು ನೋಡು, ಎಮ್ಮಿ ಎಲ್ಲಿ ಹೋತು ನೋಡು ಅಂತ ಎಬ್ಬಿಸಾಕಿ. ಅಕಿ ಪುಣ್ಯೇ, ನನ್ನ ಕಣ್ಣು ಇನ್ನೂ ನನ್ನ ಕೂಡ ಅದಾವ."

ಆಯಿ ಅವಳ ಗಲ್ಲ ಹಿಡಿದರು.

"ನಮ್ಮ ಹುಡುಗಿ ಲಗ್ನಪತ್ರಿಕಿ ನೀ ಕಣ್ಣಾಗಿನ ನೀರು ಒರಸ್ಕೋತ ಮಾಡಿದಿ. ನನ್ನ ಕರಳು ಚುರ್ ಅಂತು... ಕಣ್ಣಿಗೆ ಆರಾಮ ಕೊಡು ಅಂದಿದ್ರ ನೀ ಕೇಳ್ತಿದ್ದೇನು? ಬಸ್ ನೋಡು ಅಂದ್ರ ನೋಡಿದಿ."

ದಾಕ್ಷಾಯಣಿ ಬಸ್ ಸ್ಟಾಪಿನಲ್ಲೇ ಅತ್ತುಬಿಟ್ಟಳು. ಹೆತ್ತವಳಲ್ಲ, ಬಂಧುವಲ್ಲ... ತನ್ನ ಕಣ್ಣು ಕಾಯಲೆಂದೇ ಕಣ್ಣು ಕಾಣದವಳಂತೆ ಕೂತಿದ್ದ ಜೀವ. ಅವಳು ಬಗ್ಗಿ ಆಯಿಯ ಪಾದ ಮುಟ್ಟಿದಳು.

ಮರುದಿನ ಅವಳು ಟೇಬಲ್ಲನ್ನು ಕಿಟಕಿಯ ಬಿಸಿಲು ಕಣ್ಣಿಗೆ ಬೀಳದಂತೆ ತಿರುಗಿಸಿದಳು. ಸ್ಟೂಲನ್ನು ತೆಗೆದು, ಆಯಿಗೆಂದು ಬೆನ್ನು ಆನಿಸುವ ಒಂದು ಕುರ್ಚಿ ಹಾಕಿದಳು.

ಹಾರ್ನ್ ಕೇಳಿಸಿತು. ಆಯಿ ಸುಮ್ಮನೆ ಇದ್ದರು... ಗುಟ್ಟು ರಟ್ಟಾಗಿತ್ತಲ್ಲ.

ದಾಕ್ಷಾಯಣಿಯೇ ತಲೆ ಎತ್ತಿದಳು. ರಸ್ತೆಯಾಚೆ ನಿಧಾನವಾಗಿ ನೋಡಿದಳು.

"ಆಯಿ, ಹಳಿಯಾಳದ್ದು ಬಂತರಿ."

"ಇರ್ಲಿ ಬಿಡು ತಂಗಿ," ಅಂದರು ಆಯಿ, "ನಂದಲ್ಲ."

ಇಬ್ಬರೂ ನಕ್ಕರು.

*ಕಾಳಜಿ ಕೆಲವೊಮ್ಮೆ ಕಿರಿಕಿರಿಯಾಗಿ ಬಂದು ನಮ್ಮ ಬಾಗಿಲಲ್ಲಿ ಕೂತಿರುತ್ತದೆ... ತಲೆ ಎತ್ತಿ ನೋಡಿದವರಿಗಷ್ಟೇ ಅದರ ಗುರುತು ಸಿಗುತ್ತದೆ.*

ಇದನ್ನು ಓದುತ್ತಿರುವ ನೀವು ಈ ಸ್ಕ್ರೀನಿನಿಂದ ತಲೆ ಎತ್ತಿ, "ಸಾಕು, ಏಳು" ಎಂದು ನಿಮ್ಮನ್ನು ಕಾಡುವವರ ಮುಖವನ್ನು ಕೊನೆಯ ಸಲ ನೋಡಿದ್ದು ಯಾವಾಗ?