ಕಿಟಕಿಕಟ್ಟೆಯ ಹಸಿ ಬಿಲ್ಲೆ

"ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ. ಠಣ್ ಅಂದ್ರೆ ಬೆಂದಿದೆ. ದಬ್ ಅಂದ್ರೆ ಇನ್ನೂ ಹಸಿ, ನೀರಿಗೆ ಬಿದ್ರೆ ಮತ್ತೆ ಕೆಸರು," ಎನ್ನುತ್ತ ಅಪ್ಪ ನೆಲಕ್ಕೆ ಹಾಸುವ ಎರಡು ಮಣ್ಣಿನ ಬಿಲ್ಲೆಗಳನ್ನು ತಟ್ಟಿ ತೋರಿಸಿದ. ಒಳಾಂಗಣ ವಿನ್ಯಾಸ ಕಲಿಯುವ ಮಕ್ಕಳು ಸುತ್ತ ನಿಂತಿದ್ದರು. ಕಾಲೇಜಿನಿಂದ ಅವರನ್ನು ಕರೆತಂದಿದ್ದ ಮೇಡಂ ಅವನ ಒಬ್ಬಳೇ ಮಗಳು. ಅಮ್ಮ ತೀರಿಹೋದ ಮೇಲೆ ಅಪ್ಪ ಇಷ್ಟು ಬಾಯಿ ಬಿಟ್ಟದ್ದು ಈ ಮಕ್ಕಳ ಮುಂದೆಯೇ.

"ಸರ್, ಅಂಚು ನೇರ ಬರೋದೇ ಇಲ್ವಲ್ಲ?" ಎಂದ ಒಬ್ಬ.

"ಕೈಯಲ್ಲಿ ಮಾಡಿದ್ದು ಕಣಪ್ಪ. ನೇರ ಬೇಕಿದ್ರೆ ಫ್ಯಾಕ್ಟರಿ ಟೈಲ್ಸ್ ತಗೋ, ನನ್ನ ತಲೆ ಯಾಕೆ ತಿಂತೀಯ?"

ಮಕ್ಕಳು ನಕ್ಕರು. ಹೋದ ವಾರ ಅವರು ಅಂಗೈ, ಎಲೆ, ಬಾಚಣಿಗೆ ಒತ್ತಿ ಮಾಡಿಟ್ಟು ಹೋಗಿದ್ದ ಬಿಲ್ಲೆಗಳು ಒಣಗಿದ್ದವು. ಅರ್ಧಕ್ಕರ್ಧ ಬಿರುಕು ಬಿಟ್ಟಿದ್ದವು.

ಮಗಳ ಕಣ್ಣು ಮಾತ್ರ ಕಿಟಕಿಕಟ್ಟೆಯ ಮೇಲಿತ್ತು. ಅಲ್ಲಿದ್ದದ್ದು ಅಮ್ಮ ಮಾಡಿದ ಕೊನೆಯ ಬಿಲ್ಲೆ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ತಮಾಷೆಗೆಂದು ಅದರ ಮೇಲೆ ಅಂಗೈ ಒತ್ತಿದ್ದಳು. ಹೆಬ್ಬೆರಳ ಬುಡದ ಹಳೆಯ ಗಾಯದ ಗೆರೆಯೂ ಮೂಡಿತ್ತು. ವರ್ಷ ಕಳೆದರೂ ಅಪ್ಪ ಅದನ್ನು ಸುಟ್ಟಿರಲಿಲ್ಲ.

"ನಾಳೆ ಬಿಲ್ಲೆ ಸುಡೋಕೆ ಗೂಡಿಗೆ ಬೆಂಕಿ ಹಾಕ್ತೀಯಲ್ಲಪ್ಪ, ಅಮ್ಮಂದನ್ನೂ ಇಡು," ಎಂದು ಪಿಸುಗುಟ್ಟಿದಳು.

"ಕೂದಲೆಳೆಯಷ್ಟು ಬಿರುಕಿದೆ. ಸಿಡಿದುಹೋಗುತ್ತೆ. ಮುಂದಿನ ಸಲ ನೋಡೋಣ."

"ಪ್ರತಿ ಸಲ ಇದೇ ರಾಗ."

ಅಪ್ಪ ಸೌದೆ ನೋಡುವ ನೆಪ ಮಾಡಿ ಹಿತ್ತಿಲಿಗೆ ನಡೆದ. ಅವನ ಮುಂದಿನ ಸಲಕ್ಕೆ ಕೊನೆಯೇ ಇರಲಿಲ್ಲ. ಇವತ್ತು ತಾನೇ ಇಟ್ಟುಬಿಡುವುದು ಎಂದು ಅವಳು ಮನಸ್ಸು ಗಟ್ಟಿ ಮಾಡಿದಳು. "ಬಿರುಕು ಬಿಟ್ಟ ಹಸಿ ಬಿಲ್ಲೆಯೆಲ್ಲ ನೀರಿನ ತೊಟ್ಟಿಗೆ ಹಾಕಿ, ಮಣ್ಣು ಮತ್ತೆ ಉಪಯೋಗಕ್ಕೆ ಬರುತ್ತೆ," ಎಂದು ಮಕ್ಕಳಿಗೆ ಹೇಳಿ, ಗೂಡಿನೊಳಗೆ ಬೆಂಕಿ ನೇರವಾಗಿ ತಾಗದ ಮೂಲೆಯೊಂದನ್ನು ಅಮ್ಮನ ಬಿಲ್ಲೆಗೆಂದು ಬಿಡಿಸಿಟ್ಟು ಬಂದಳು.

ಬಂದು ನೋಡಿದರೆ ಕಿಟಕಿಕಟ್ಟೆ ಖಾಲಿ.

"ಎಲ್ಲ ಆಯ್ತು ಮೇಡಂ," ಎಂದಳು ಕನ್ನಡಕದ ಹುಡುಗಿ, ಕೈ ಒರೆಸಿಕೊಳ್ಳುತ್ತ. "ಕಿಟಕಿ ಹತ್ರಾನೂ ಒಂದಿತ್ತು. ತಟ್ಟಿದೆ, ದಬ್ ಅಂತು. ಬಿರುಕೂ ಇತ್ತು. ಹಾಕ್ಬಿಟ್ಟೆ."

ಅವಳು ತೊಟ್ಟಿಯತ್ತ ಓಡಿದಳು. ಮೊಣಕೈವರೆಗೆ ತೋಳು ಮುಳುಗಿಸಿ ತಡಕಿದಳು. ಗಟ್ಟಿಯಾದದ್ದೇನೋ ಸಿಕ್ಕಿತು, ಮೇಲೆತ್ತುವಷ್ಟರಲ್ಲಿ ಬೆರಳ ಸಂದಿಯಿಂದ ಸೋರಿಹೋಯಿತು. ಮಕ್ಕಳ ಅಂಗೈ, ಅಮ್ಮನ ಅಂಗೈ, ಎಲ್ಲ ಒಂದೇ ಕೆಸರು.

ಅಪ್ಪ ಬಂದ. ಕಿಟಕಿ ನೋಡಿದ, ಮಗಳ ತೋಳು ನೋಡಿದ. ಯಾರೂ ಹೇಳಬೇಕಾಗಲಿಲ್ಲ. ವಿಷಯ ಹೊಳೆದು ಕನ್ನಡಕದ ಹುಡುಗಿ ಅಳತೊಡಗಿದಾಗ, "ನಿಂದೇನೂ ತಪ್ಪಿಲ್ಲಮ್ಮ, ಹೇಳ್ಕೊಟ್ಟ ಹಾಗೇ ಮಾಡಿದ್ದೀಯ," ಎಂದಷ್ಟೇ ಅಂದ.

ಮಕ್ಕಳು ಸದ್ದಿಲ್ಲದೆ ಹೊರಟುಹೋದರು. ಮಗಳಿಗೆ ತನ್ನ ಮೇಲೆ ಬಂದ ಸಿಟ್ಟೆಲ್ಲ ಅಪ್ಪನ ಕಡೆ ತಿರುಗಿತು.

"ಸುಟ್ಟಿದ್ರೆ ಉಳೀತಿತ್ತಲ್ಲಪ್ಪ! ಬಿರುಕಂತೆ ಬಿರುಕು! ಅಂಥವು ಎಷ್ಟು ಸುಟ್ಟಿಲ್ಲ ನೀನು?"

ಅಪ್ಪ ಒದ್ದೆ ಗೋಣಿಚೀಲ ಎಳೆದು, ಮಲಗಿದವರಿಗೆ ಹೊದಿಸುವ ಹಾಗೆ ತೊಟ್ಟಿಗೆ ಮುಚ್ಚಿದ.

"ಒಂದ್ಸಲ ಅವಳನ್ನ ಬೆಂಕಿಗೆ ಕೊಟ್ಟು ಬಂದಿದ್ದೆ ಮಗಳೇ," ಎಂದ. "ಎರಡನೇ ಸಲ ಕೈ ಬರ್ಲಿಲ್ಲ."